ಮೋಲ್ಡ್ ದಿನದವರೆಗೆ ಭೇಟಿ ಇಲ್ಲ

ಗುಬ್ಬಿಯಲ್ಲಿ ಬಸ್ಸು ಹತ್ತಿ ಕೂತರೆ ಕಡಲೆಕಾಯಿ ಪೊಟ್ಟಣ ಮುಗಿಯುವುದರೊಳಗೆ ತುಮಕೂರಿನಲ್ಲಿ ಇಳಿಯಬಹುದು. ಆದರೂ ಸದಾಶಿವಯ್ಯ ಸರ್ ನಮ್ಮನ್ನು ಆ ಬಸ್ಸು ಹತ್ತಲು ಬಿಡಲಿಲ್ಲ. ಪ್ರಾಜೆಕ್ಟಿನ ಮೊದಲ ದಿನವೇ ಲ್ಯಾಪ್‌ಟಾಪಿನ ಪರದೆಯಲ್ಲಿ ಪ್ರತ್ಯಕ್ಷರಾಗಿ ಕಾನೂನು ಹೇಳಿಬಿಟ್ಟರು. ಯಾರೂ ಯಾರನ್ನೂ ಎದುರಾಬದುರು ಭೇಟಿಯಾಗುವಂತಿಲ್ಲ, ಸರ್ ಅವರನ್ನೂ ಅಷ್ಟೇ.

ತುಮಕೂರಿನಲ್ಲಿ ಆರ್ಕಿಟೆಕ್ಚರ್ ಓದುವವರು, ಗುಬ್ಬಿಯಲ್ಲಿ ಸಿವಿಲ್ ಎಂಜಿನಿಯರಿಂಗಿನ ನಾವು, ಕುಣಿಗಲ್ಲಿನಲ್ಲಿ ಕಟ್ಟಡ ಕೆಲಸದ ಡಿಪ್ಲೊಮಾದವರು. ಮೂರೂ ತಂಡ ಸೇರಿ ಹುತ್ರಿದುರ್ಗದ ತಪ್ಪಲಿನಲ್ಲಿ ಒಂದು ಅಂಗನವಾಡಿ ಕೋಣೆ ಕಟ್ಟಿಸಬೇಕಿತ್ತು. ಸರ್ ವಸಂತನರಸಾಪುರದಲ್ಲಿ ಕಾರ್ಖಾನೆ ಶೆಡ್ಡುಗಳನ್ನು ಕಟ್ಟಿಸಿ ನಿವೃತ್ತರಾದವರು. ಉಪ್ಪಾರಹಳ್ಳಿಯ ಮನೆಯಲ್ಲೇ ಕೂತು ಪಾಠ ಮಾಡುತ್ತಿದ್ದರು. ತುಮಕೂರಿನ ತಂಡದ ಚೇತನನ ರೂಮು ಅವರ ಮನೆಯ ಹಿಂದಿನ ಬೀದಿಯಲ್ಲೇ ಇತ್ತು, ಅವನಿಗೂ ವಿನಾಯಿತಿ ಇಲ್ಲ. ಅವನು ಗೊಣಗಿದ್ದಕ್ಕೆ ಸರ್ ಹೇಳಿದರು:

"ನಾಳೆ ದುಬೈನಲ್ಲಿ ಕೂತಿರೋನ ಜೊತೆ ಕೆಲಸ ಮಾಡ್ತೀಯ. ಅವತ್ತು ಆಟೋ ಹತ್ಕೊಂಡು ಹೋಗ್ತೀಯೇನಪ್ಪ? ಎದುರಿಗಿಲ್ದೋನ್ನ ನಂಬೋದು ಈಗ್ಲೇ ಕಲ್ತ್ಕೋ. ಮೋಲ್ಡ್ ದಿನ ಎಲ್ರೂ ಒಟ್ಗೆ ಕೂತು ಉಣ್ಣೋಣ."

ಮೋಲ್ಡ್ ಎಂದರೆ ತಾರಸಿಗೆ ಕಾಂಕ್ರೀಟ್ ಹಾಕುವುದು. ನಮ್ಮ ಕಡೆ ಅವತ್ತು ಕೆಲಸದವರಿಗೆಲ್ಲ ಊಟ ಹಾಕುತ್ತಾರೆ. ಆ ಊಟಕ್ಕೆ ಒಬ್ಬಟ್ಟೋ ಪಾಯಸವೋ ಎಂದು ನಾವು ತಳಪಾಯ ತೋಡುವ ಮೊದಲೇ ಜಗಳವಾಡಿದ್ದೆವು. ನನಗಂತೂ ಸರ್ ಅವರನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಅಲ್ಲಿಯವರೆಗೆ ಯಾವ ಮೇಷ್ಟರೂ ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿರಲಿಲ್ಲ.

ಅವರದೊಂದು ವಿಚಿತ್ರ ಪದ್ಧತಿಯಿತ್ತು. ಬೇರೆಯವರ ಕೆಲಸದ ಮೇಲೆ ದೂರು ಹೇಳಬೇಕಾದರೆ, ಮೊದಲು ಅವರ ಪರವಾಗಿ ವಾದಿಸಬೇಕು. ನಾವು ಹೇಳಿದ್ದು ಸರಿ ಎಂದು ಅವರೇ ಒಪ್ಪಿದ ಮೇಲೆ ನಮ್ಮ ತಕರಾರು. ಚೇತನ ಕಿಟಕಿಯನ್ನು ನೆಲದ ಹತ್ತಿರಕ್ಕೆ ಇಳಿಸಿದ್ದಾನೆ, ಗೋಡೆ ಗಟ್ಟಿ ನಿಲ್ಲುವುದಿಲ್ಲ ಎಂದು ನಾನು ಕೂಗಾಡಿದೆ. ನೀನೇ ಚೇತನನಾಗಿ ಮಾತಾಡು ಎಂದರು ಸರ್. ಮನಸ್ಸಿಲ್ಲದೆ ಶುರುಮಾಡಿದೆ. ಮಕ್ಕಳು ಚಾಪೆಯ ಮೇಲೆ ಕೂರುತ್ತಾರೆ, ಕೂತಲ್ಲಿಂದಲೇ ಅವರಿಗೆ ಬೆಟ್ಟ ಕಾಣಬೇಕು ಎನ್ನುವಷ್ಟರಲ್ಲಿ ನನಗೆ ದೂರು ಹೇಳುವ ಮನಸ್ಸೇ ಹೋಯಿತು. ಗೋಡೆಗೆ ಬೇರೆ ದಾರಿ ಹುಡುಕಿದೆ.

ಆದರೆ ಒಂದು ಎಡವಟ್ಟು ಆಗಿಯೇ ಹೋಯಿತು. ತುಮಕೂರಿನವರು ನಕ್ಷೆಯಲ್ಲಿ ಬಾಗಿಲನ್ನು ಪಕ್ಕಕ್ಕೆ ಸರಿಸಿದರು. ಗುಬ್ಬಿಯ ನಮ್ಮ ತಂಡ ಹಳೆಯ ನಕ್ಷೆಯ ಮೇಲೆಯೇ ಪಿಲ್ಲರ್ ಹಾಕಿತು. ಪಿಲ್ಲರ್ ಬಾಗಿಲ ನಟ್ಟನಡುವೆ ಬಂದು ಕೂತಿತು. ಜಾಗದಲ್ಲೇ ನಿಂತು ಕೆಲಸ ಮಾಡಿಸುತ್ತಿದ್ದ ಕುಣಿಗಲ್ಲಿನ ನವೀನ ಅದನ್ನು ಕಂಡೂ ಸುಮ್ಮನಿದ್ದು ಗುಂಡಿ ತೋಡಿಸಿಬಿಟ್ಟಿದ್ದ. ನೀವೆಲ್ಲ ಹೆಚ್ಚು ಓದಿದವರು, ಏನೋ ಯೋಚನೆ ಮಾಡಿಯೇ ಹಾಕಿರ್ತೀರಿ ಅಂದುಕೊಂಡೆ ಎಂದ. ತಪ್ಪು ಮಾಡಿದ ನಮ್ಮನ್ನು ಸರ್ ಬೈಯಲಿಲ್ಲ. ಅವನಿಗೆ ಮೆಲ್ಲಗೆ ಹೇಳಿದರು:

"ನಿಂಗ್ ಕಂಡಿದ್ದು ನಮಗ್ಯಾರಿಗೂ ಕಾಣಲ್ಲ ಕಣಪ್ಪ. ನೀನು ಬಾಯಿ ಬಿಡ್ದಿದ್ರೆ ನಾವೆಲ್ಲ ಕುರುಡ್ರು."

ಗುಂಡಿ ಮುಚ್ಚಿ, ಲೆಕ್ಕ ಬದಲಿಸಿ, ಮತ್ತೆ ಒಪ್ಪಿಗೆ ಪಡೆದು ಶುರುಮಾಡುವಷ್ಟರಲ್ಲಿ ಮೋಲ್ಡ್ ತಿಂಗಳುಗಟ್ಟಲೆ ಮುಂದಕ್ಕೆ ಹೋಯಿತು.

ದೀಪಾವಳಿ ಕಳೆದ ಮೇಲೆ ಸರ್ ಕ್ಯಾಮೆರಾ ಹಾಕುವುದನ್ನು ನಿಲ್ಲಿಸಿದರು. ನಕ್ಷೆ ನೋಡಿ, ನನ್ನನ್ನೇನು ನೋಡ್ತೀರಿ ಎಂದು ತಮಾಷೆ ಮಾಡಿದರು. ದನಿ ಕ್ಷೀಣವಾಗಿತ್ತು. ಮೈಕ್ ಕೆಟ್ಟಿದೆ ಅಂದುಕೊಂಡೆವು. ನವೀನ ಅದನ್ನು ಸರಿಮಾಡುವ ಬಗೆಯನ್ನು ಉದ್ದಕ್ಕೆ ವಿವರಿಸಿದ. ಸರ್ ಪೂರ್ತಿ ಕೇಳಿಸಿಕೊಂಡು ಥ್ಯಾಂಕ್ಸ್ ಹೇಳಿದರು. ಕಂಡದ್ದನ್ನು ಹೇಳಿ ಎಂದು ನಮಗೆ ಕಲಿಸಿದವರು ತಮ್ಮ ಕಾಯಿಲೆಯ ಬಗ್ಗೆ ತುಟಿ ಬಿಚ್ಚಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಮೋಲ್ಡಿಗೆಂದು ತಾರಸಿಗೆ ಹಲಗೆ ಹೊಡೆಯುತ್ತಿದ್ದ ವಾರ ಅವರು ಹೋಗಿಬಿಟ್ಟರು.

ಉಪ್ಪಾರಹಳ್ಳಿಯ ಮನೆಯ ಮುಂದೆ, ಶಾಮಿಯಾನದ ಕೆಳಗೆ, ಮೂರು ಊರಿನ ನಾವು ಮೊದಲ ಸಲ ಒಟ್ಟಿಗೆ ನಿಂತೆವು. ಚೇತನ ನಾನಂದುಕೊಂಡದ್ದಕ್ಕಿಂತ ಕುಳ್ಳ. ನವೀನ ಬಾಗಿಲು ದಾಟಲು ತಲೆ ಬಗ್ಗಿಸಬೇಕಾದಷ್ಟು ಎತ್ತರ. ಸರ್ ಹೆಂಡತಿ ಗೌರಮ್ಮನವರು ನಮ್ಮ ದನಿ ಕೇಳಿಯೇ ಗುರುತು ಹಿಡಿದರು. ಅಡುಗೆಮನೆಗೆ ನಮ್ಮ ಪಾಠವೆಲ್ಲ ಕೇಳಿಸುತ್ತಿತ್ತಂತೆ. ನವೀನನಿಗೆ ಅಳು ತಡೆಯಲಾಗಲಿಲ್ಲ.

"ನಾನವತ್ತೇ ಬಾಯ್ಬಿಟ್ಟಿದ್ರೆ ಮೋಲ್ಡು ಯಾವತ್ತೋ ಆಗೋಗ್ತಿತ್ತು ಅಮ್ಮ. ಸರ್ ನಮ್ ಜೊತೆ ಉಣ್ತಿದ್ರು."

ಅವರು ಅವನ ಕೈ ಹಿಡಿದುಕೊಂಡರು. "ಹಂಗನ್ಬೇಡ ಮಗ. ಹುಡುಗ್ರುನ್ನ ಈಗ್ಲೇ ಕರೀರಿ, ನೋಡ್ಬುಡಿ ಅಂತ ನಾನೇ ಎಷ್ಟ್ ಸಲ ಅಂದೆ. ನಾನೇ ಮಾಡಿದ್ ರೂಲು, ನಾನೇ ಮುರಿಯಕ್ಕಾಗುತ್ತಾ ಅಂದ್ರು. ಆಮೇಲೆ ಗೋಡೆ ಕಡೆ ತಿರುಗಿ ಮಲಿಕ್ಕೊಂಡ್ರು."

ನಡುಮನೆಯಲ್ಲಿ ಅವರನ್ನು ವಿಭೂತಿ ಹಚ್ಚಿ, ಹಾರ ಹಾಕಿ, ಕಾಲು ಮಡಿಸಿ ಕೂರಿಸಿದ್ದರು. ಒಬ್ಬೊಬ್ಬರಾಗಿ ಹೋಗಿ ಬಗ್ಗಿದೆವು. ಇಷ್ಟು ದಿನ ನಮಗೆ ಪಾಠ ಹೇಳಿದವರ ಪಾದ ನಾವು ನೋಡಿದ್ದು ಅವತ್ತೇ ಮೊದಲು. ಮುಟ್ಟಿದೆ. ತಣ್ಣಗಿದ್ದವು.