ಕರೆಂಟು ಹೋಗುವುದನ್ನು ಕಾಯುತ್ತಿದ್ದವರು

ಬನಹಟ್ಟಿಯಲ್ಲಿ ಕರೆಂಟು ಹೋದರೆ ಇಡೀ ಓಣಿ ಬೈಯುತ್ತಿತ್ತು; ಪಾಯಪ್ಪ ಸರ್ ಒಬ್ಬರು ಮಾತ್ರ ನಗುತ್ತ ಪೆನ್ನಿನ ಟೊಪ್ಪಿಗೆ ತೆಗೆಯುತ್ತಿದ್ದರು. ಪವರ್‌ಲೂಮ್ ಮಗ್ಗಗಳ ಸದ್ದು ಒಮ್ಮೆಲೇ ನಿಂತು, ಕಿವಿಯಲ್ಲಿ ಅದರ ಗುಂಯ್‌ಗುಡುವಿಕೆಯಷ್ಟೇ ಉಳಿದ ಗಳಿಗೆಯಲ್ಲಿ ನನ್ನ ಭುಜ ತಟ್ಟುತ್ತಿದ್ದರು: "ಏಳೋ, ಊರಿಗೆ ಬಾಯಿ ಬಂತು."

ತೇರದಾಳದ ಜೈನ ಮನೆತನದವರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಲೇ, ತಲೆ ನರೆತ ಮೇಲೆ, ಸಮುದಾಯದ ಅಭಿವೃದ್ಧಿಯಲ್ಲಿ ಯುವಜನರ ಪಾಲ್ಗೊಳ್ಳುವಿಕೆಯ ಕುರಿತು ಸಂಶೋಧನೆ ಕೈಗೊಂಡಿದ್ದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೆಲ್ಲ ಹಳೆಯ ಸ್ಕೂಟರಿನಲ್ಲೇ ಸುತ್ತುತ್ತಿದ್ದರು. ಹೊತ್ತು ಮುಳುಗುವ ಮೊದಲು ಅವರ ಊಟ ಮುಗಿಯಬೇಕು. ಎದುರಿಗೆ ಎಂಥ ದೊಡ್ಡ ಮನುಷ್ಯ ಮಾತನಾಡುತ್ತಿದ್ದರೂ ಎದ್ದುಹೋಗಿ, ಲೋಕಾಪುರದ ಬಸ್ ನಿಲ್ದಾಣದ ಕಟ್ಟೆಯ ಮೇಲಾದರೂ ಸರಿಯೆ, ಬುತ್ತಿ ಬಿಚ್ಚುತ್ತಿದ್ದರು. ಯುವಕ ಸಂಘಗಳ ಸಭೆಗೆ ಹೋದರೆ ಹಾಜರಾತಿಯ ಪುಸ್ತಕ ಮುಟ್ಟುತ್ತಿರಲಿಲ್ಲ. "ಬಂದವ್ರು ಬಂದಾರಲ್ಲ. ಬರದವ್ರ ಹೆಸರು ಹೇಳ್ರಿ," ಎನ್ನುತ್ತಿದ್ದರು.

ನಾನು ಅವರ ವಿದ್ಯಾರ್ಥಿ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಪಡೆದವನು, ಆ ಸಂಶೋಧನೆಯಲ್ಲಿ ಅವರ ಸಹಾಯಕ. ನಮ್ಮೂರ ಯುವಕ ಸಂಘವು ನೇಕಾರರ ಓಣಿಯಲ್ಲಿ ಒಂದು ವಾಚನಾಲಯ ತೆರೆದಿತ್ತು. ಪ್ರತಿ ಸಂಜೆ ನಾನೇ ಬಾಗಿಲು ತೆಗೆದು ಕೂರುತ್ತಿದ್ದೆ, ಯಾರೂ ಬರುತ್ತಿರಲಿಲ್ಲ. ಕೊನೆಗೆ, ತಿಂಗಳು ತುಂಬಿದೊಡನೆ ಅದನ್ನು ಮುಚ್ಚುವುದೆಂದು ನಿರ್ಣಯಿಸಿದೆವು. ಸರ್ ಅವರ ಟಿಪ್ಪಣಿ ಪುಸ್ತಕದಲ್ಲಿ ನಾನು ಬರೆದೆ: "ನೇಕಾರ ಯುವಜನರಲ್ಲಿ ಸಮುದಾಯಪ್ರಜ್ಞೆಯ ಕೊರತೆಯಿದೆ."

ಅವರು ಎರಡು ಸಲ ಓದಿದರು.

"ವಾಕ್ಯ ಛಲೋ ಐತಿ. ವೇದಿಕಿ ಮ್ಯಾಲೆ ಚಪ್ಪಾಳಿ ಬೀಳತಾವ. ಖರೆ ಐತೇನು ಅನ್ನೂದನ್ನ ಕರೆಂಟ್ ಹೋದಾಗ ಕೇಳೂಣು."

ಎರಡು ದಿನ ಕಾದೆವು. ಮೂರನೆಯ ದಿನ ನಡುಮಧ್ಯಾಹ್ನ ಮಗ್ಗಗಳು ನಿಂತವು. ಮಗ್ಗ ನಡೆಸುವ ಮಹಾದೇವಿ ಹೊರಬಂದು, ತಲೆಗೂದಲಿಗೆ ಅಂಟಿದ ಹತ್ತಿಯ ನವಿರು ಬಿಡಿಸುತ್ತ ಹೊಸ್ತಿಲ ಮೇಲೆ ಕುಳಿತಳು.

"ಯಾಕವಾ ತಂಗಿ, ವಾಚನಾಲಯದ ಕಡೆ ಬರೂದs ಇಲ್ಲಲ್ಲ?" ಎಂದರು ಸರ್.

"ಯಾರ್ ಹೇಳಿದ್ರೀ? ಕರೆಂಟ್ ಹೋದಾಗೊಮ್ಮೆ ಹೋಗಿ ಬಾಗಿಲಾ ಜಗ್ಗಿ ಬರತೇವ್ರಿ. ನೀವು ತೆಗಿಯೂ ಹೊತ್ತಿಗೆ ನಮ್ಮ ಮಗ್ಗ ನಡದಿರತಾವ. ನಮಗ ಬಿಡುವಾದಾಗ ನಿಮ್ಮ ಕೀಲಿಕೈ ಎಲ್ಲಿರತೈತ್ರಿ?"

"ಭಾಷಣ ಮಾಡವ್ರ ಕಿಸೇದಾಗ, ಅಕ್ಕಾ!" ಎಂದು ಪಕ್ಕದ ಶೆಡ್ಡಿನಿಂದ ಯಾರೋ ಕೂಗಿದರು. ಓಣಿಯೆಲ್ಲ ನಕ್ಕಿತು.

ಕೀಲಿಕೈ ನಿಜಕ್ಕೂ ನನ್ನ ಅಂಗಿಯ ಕಿಸೆಯಲ್ಲಿತ್ತು. ಸರ್ ನನ್ನತ್ತ ನೋಡಲಿಲ್ಲ. ಬರೆಯುವುದನ್ನು ಮಾತ್ರ ನಿಲ್ಲಿಸಿದರು. ಕೀಲಿಕೈ ತೆಗೆದು ಮಹಾದೇವಿಯ ಕೈಗಿತ್ತೆ. ಹಿಂದಿರುಗುವಾಗ ಸ್ಕೂಟರಿನ ಮೇಲೆ ಅವರು ಹೇಳಿದ್ದು ಇಷ್ಟೆ: "ಆ ವಾಕ್ಯಕ್ಕ ಕಾಟ್ ಹೊಡಿ. ಅಳಸಬ್ಯಾಡ. ಮುಂದ ನಿನಗs ಬೇಕಾಗತೈತಿ."

ವಾಚನಾಲಯ ಮುಚ್ಚಲಿಲ್ಲ. ಅದರ ಕೀಲಿಕೈ ಮಹಾದೇವಿಯ ಮನೆಯ ಮೊಳೆಗೆ ತೂಗಿತು.

ತಮ್ಮ ಸಂಶೋಧನೆಗೆ ಡಾಕ್ಟರೇಟ್ ಪದವಿ ಬಂದ ಮೇಲೆ ಸರ್ ಒಮ್ಮೆ ಅಲ್ಲಿಗೆ ಬಂದಿದ್ದರು. ಕರೆಂಟು ಹೋಗಿತ್ತು. ಒಳಗೆ ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಕಿಟಕಿಯ ಬೆಳಕಿಗೆ ಒಬ್ಬಳು ಪೇಪರು ಓದಿ ಹೇಳುತ್ತಿದ್ದಳು. ಬಂದವರು ಯಾರೆಂದು ಪರಿಚಯಿಸಲು ನಾನು ಗಂಟಲು ಸರಿಪಡಿಸಿಕೊಂಡೆ. ಅವರು ತೋಳು ಹಿಡಿದು ಜಗ್ಗಿದರು: "ಸುಮ್ನಿರಲೇ. ಕರೆಂಟ್ ಬರೂತನಾ ಓದಲಿ." ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಮಗ್ಗಗಳು ಸದ್ದು ಮಾಡಿದಾಗ ಎಲ್ಲರೂ ಓಡಿದರು. ಸರ್ ಕೂಡ ಹೊತ್ತು ನೋಡಿ ಬುತ್ತಿ ಹಿಡಿದು ಎದ್ದರು. ಅದೇ ಕೊನೆಯ ಭೇಟಿ. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಈಗ ಕರೆಂಟು ಹೋಗುವುದು ಅಪರೂಪ. ನೇಯುವವರ ಹೊಟ್ಟೆಗೆ ಅದೇ ಒಳ್ಳೆಯದು, ಬಲ್ಲೆ. ಆದರೂ ಹೋದ ವಾರ ಮಧ್ಯಾಹ್ನ ಮಗ್ಗಗಳು ತಟ್ಟನೆ ನಿಂತಾಗ, ಓಣಿ ಬೈಯುತ್ತಿರುವಾಗಲೇ, ನಾನು ಎದ್ದು ನಿಂತುಬಿಟ್ಟಿದ್ದೆ. ಭುಜ ತಟ್ಟುವವರು ಇರಲಿಲ್ಲ. ಆಚೆ ವಾಚನಾಲಯದ ಬಾಗಿಲು ತೆರೆದ ಸದ್ದು ಕೇಳಿಸಿತು.