ಅತ್ತೆಯ ಮುಂದೆ ಆಡುವ ಭಾಷೆ

ಬಸ್ಸು ಭೀಮಾ ಸೇತುವೆಯ ಮೇಲೆ ಕೆಟ್ಟು ನಿಲ್ಲಬಹುದಿತ್ತು. ಶಹಾಪುರದ ಮಿರ್ಚಿ ಭಜಿ ಹೊಟ್ಟೆ ಕೆಡಿಸಬಹುದಿತ್ತು. ಕಾಲುವೆ ಒಡೆದು ರಸ್ತೆ ಮುಳುಗಬಹುದಿತ್ತು. ಛತ್ರಿ ಕಳೆಯಬಹುದಿತ್ತು. ಸುರಪುರದ ಹುಡುಗರ ಮುಂದೆ ನನ್ನ ಇಂಗ್ಲಿಷೇ ಕೈಕೊಡಬಹುದಿತ್ತು. ಯಾದಗಿರಿಯಲ್ಲಿ ಬಸ್ಸು ಹತ್ತುವಷ್ಟರಲ್ಲಿ ಇವೆಲ್ಲ ನನ್ನ ಮಟ್ಟಿಗೆ ಆಗಿಹೋಗಿದ್ದವು. ಇಂಗ್ಲಿಷ್ ಮೇಷ್ಟ್ರಾಗಿ ತಲೆ ನರೆತರೂ ಪ್ರಯಾಣವೆಂದರೆ ಎದೆ ಡವಗುಟ್ಟುತ್ತದೆ.

ಶಹಾಪುರದಲ್ಲಿ ಬಸ್ಸು ಬದಲಿಸಿದೆ. ಮಂಡಕ್ಕಿಯ ಸುಸಲಾ ತಿಂದೆ, ಭಜಿಯನ್ನು ಬರೀ ನೋಡಿದೆ. ಮುಂದೆ ಜೋಳದ ಹೊಲಗಳೆಲ್ಲ ನೀರಾವರಿ ಬಂದು ಭತ್ತದ ಗದ್ದೆಗಳಾಗಿದ್ದವು. ಮೋಡ ಕವಿದು ಕಾಲುವೆಯ ನೀರು ಬೂದಿ ಬಣ್ಣಕ್ಕೆ ತಿರುಗಿತ್ತು.

ಸುರಪುರದಲ್ಲಿ ಸಂಜೆ ಇಂಗ್ಲಿಷ್ ಕ್ಲಾಸು ನಡೆಸುವ ಗೆಳೆಯ ಮಲ್ಲಣ್ಣ ತನ್ನ ಹುಡುಗರಿಗೆ ಒಂದು ಭಾಷಣ ಮಾಡಲು ನನ್ನನ್ನು ಕರೆಸಿದ್ದ. ನನ್ನನ್ನು ನೋಡಿ ನಕ್ಕ. "ಛತ್ರಿ, ಶಾಲು, ಗುಳಗಿ! ಕ್ಲಾಸಿಗಿ ಬಂದೀರೋ, ದವಾಖಾನಿಗಿ ಹೊಂಟೀರೋ?"

ಹುಡುಗರನ್ನು ಕೇಳಿದೆ: "ಇಂಗ್ಲಿಷ್ ಯಾಕ ಕಲಿಯಾಕತ್ತೀರಿ?"

"ನೌಕರಿಗ್ರಿ" ಎಂದರು ಎಲ್ಲರೂ. ಹಿಂದಿನ ಸಾಲಿನವನೊಬ್ಬ, "ಕಾಲುವಿ ಗುತ್ತೇದಾರ ಇಂಗ್ಲಿಷಿನ್ಯಾಗ ಬೈತಾನ್ರಿ. ಏನ್ ಬೈತಾನಂತ ತಿಳೀಬೇಕಲ್ರಿ!" ಎಂದ.

ಮೂಲೆಯಲ್ಲಿದ್ದ ರೇಣುಕಾ ನಗಲಿಲ್ಲ. "ನಾನು ಅಕ್ಕನ ಜೋಡಿ ಮಾತಾಡಾಕ್ರಿ" ಎಂದಳು.

ಅಕ್ಕ ತಂಗಿಯರನ್ನು ಒಂದೇ ಮನೆಯ ಅಣ್ಣ ತಮ್ಮಂದಿರಿಗೆ ಕೊಡುವ ಮಾತಾಗಿತ್ತಂತೆ. "ಅತ್ತಿ ಮುಂದ ಇಬ್ಬರೂ ನಗಬೇಕಂದ್ರ, ಅಳಬೇಕಂದ್ರ ಆಕಿಗಿ ತಿಳೀದಂಥ ಒಂದು ಭಾಷಿ ಬೇಕಲ್ರಿ. ಅದಕ್ಕ ಕೂಡೇ ಕಲಿಯಾಕ ಬಂದ್ವಿ."

"ಈಗ ಅಕ್ಕ ಎಲ್ಲಿ?"

"ಗಂಡನ ಮನ್ಯಾಗ್ರಿ. ಆಕಿ ಲಗ್ನ ಆದ ಮ್ಯಾಲ ಅವರ ಹೊಲಕ್ಕ ಕಾಲುವಿ ನೀರು ಬಂತು. ಸಣ್ಣ ಮಗಗ ದೊಡ್ಡ ಮನಿ ಹೆಣ್ಣು ನೋಡ್ಯಾರ. ನನ್ನ ಕೊಡೇಕಲ್ ಕಡಿ ಬ್ಯಾರೆ ಮನಿಗಿ ಕೊಡಾಕತ್ತಾರ್ರಿ."

ನಾನು ಕೇಳಬಾರದಿತ್ತು, ಆದರೂ ಕೇಳಿದೆ: "ಮತ್ತ ಇನ್ನೂ ಯಾಕವ್ವ ಬರ್ತಿ?"

"ಬಿಟ್ರ ಮರತ ಹೋಗ್ತದ್ರಿ. ಅಕ್ಕ ತವರಿಗಿ ಬಂದಾಗ ಏನ್ ಮಾತಾಡ್ಲಿ? ಇಲ್ಲಿ ಎಲ್ಲಾರೂ ಬರೇ ಬರಕೊಂತಾರ್ರಿ. ಇಂಗ್ಲಿಷಿನ್ಯಾಗ ಮಾತಾಡಿದ್ರ ತಿರುಗಿ ಮಾತಾಡೋರೇ ಇಲ್ಲ."

ನೌಕರಿಯ ಬಗ್ಗೆ ಸಿದ್ಧಮಾಡಿಕೊಂಡಿದ್ದ ಭಾಷಣವನ್ನು ಹೇಗೋ ಒಪ್ಪಿಸಿ ಬಸ್ ನಿಲ್ದಾಣಕ್ಕೆ ಬಂದೆ. ಬಸ್ಸು ಹೊರಡುವ ಹೊತ್ತಿಗೆ ಛತ್ರಿ ಕಾಣದೆ ಸೀಟಿನ ಕೆಳಗೆ ತಡಕಾಡುತ್ತಿದ್ದೆ. ಕಿಟಕಿಯ ಹೊರಗೆ ರೇಣುಕಾ ನಿಂತಿದ್ದಳು. ಒಂದೊಂದೇ ಪದ ಜೋಡಿಸಿ ಕೇಳಿದಳು: "ವೆನ್ ವಿಲ್ ಯೂ ಕಮ್ ಅಗೇನ್, ಸರ್?"

"ಬರ್ತೀನವ್ವ, ಬರ್ತೀನಿ" ಎಂದೆ, ತಲೆ ಎತ್ತದೆ. ಬಸ್ಸು ಹೊರಟಿತು.

ಭೀಮೆಯನ್ನು ದಾಟುವಾಗ ಎಲ್ಲವನ್ನೂ ಇನ್ನೊಮ್ಮೆ ತಾಳೆ ನೋಡಿದೆ. ಬಸ್ಸು ಕೆಟ್ಟಿರಲಿಲ್ಲ. ಹೊಟ್ಟೆ ಸರಿಯಿತ್ತು. ರಸ್ತೆ ಮುಳುಗಿರಲಿಲ್ಲ. ಛತ್ರಿ ಸಿಕ್ಕಿ ತೊಡೆಯ ಮೇಲಿತ್ತು. ಆ ಹುಡುಗಿ ಮಾತ್ರ ಇಂಗ್ಲಿಷಿನಲ್ಲಿ ಕೇಳಿದ್ದಳು, ನಾನು ಕನ್ನಡದಲ್ಲಿ ಉತ್ತರ ಕೊಟ್ಟುಬಿಟ್ಟಿದ್ದೆ.