ಅರ್ಧ ಹೆಂಚು, ಅರ್ಧ ಶೀಟು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಏಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಹೆಂಚಕ್ಕ, ಕೆಡವಿದ ಮನೆಯೊಂದರಿಂದ ತಂದ ಹಳೆಯ ಹೆಂಚುಗಳನ್ನು ಒಂದೊಂದಾಗಿ ಎತ್ತಿ ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದಾರೆ. ಠಣ್ ಎಂದರೆ ಗಟ್ಟಿ, ಬಲಕ್ಕೆ. ಸದ್ದು ಮಂಕಾದರೆ ಬಿರುಕು, ಎಡಕ್ಕೆ. ದಿನಕ್ಕೆ ಮುನ್ನೂರಾದರೂ ಹೀಗೆ ಕೈ ದಾಟುತ್ತವೆ.

"ಒಂದ್ಸಲ ಬೆಂದು ಬಂದಿರೋ ಮಣ್ಣು ಇದು. ಗಟ್ಟಿಯಾಗಿರೋವಾಗ ಎಸೆದು, ಹೊಸದು ಸುಡೋಕೆ ಮತ್ತೆ ಸೌದೆ ಯಾಕೆ ಉರಿಸ್ಬೇಕು?" ಎನ್ನುತ್ತಾರೆ.

ಹೆಂಚು ಹೊದಿಸುವ ಈ ಕಸುಬು ಅಪ್ಪನಿಂದ ಬಂದದ್ದು. ಹೆಂಗಸು ಮನೆಯ ಮಾಡಿನ ಮೇಲೆ ಹತ್ತುವುದೇ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ಎಲ್ಲರೂ ತಗಡಿನ ಶೀಟಿಗೆ ಮನಸೋತ ಕಾಲದಲ್ಲಿ ಹೊಟ್ಟೆಪಾಡಿಗೆ ಹೋಟೆಲಿನ ಪಾತ್ರೆ ತಿಕ್ಕಿದರು. ಈಗ ಸೆಕೆ ತಾಳಲಾರದವರು ಮತ್ತೆ ಹುಡುಕಿಕೊಂಡು ಬರುತ್ತಿದ್ದಾರೆ. ನಾದಿನಿಯೇ ಜೊತೆಗಾತಿ, ಹೆಂಚು ಕೊಡುವ ಕೈಗಿಂತ ಅವಳ ಬಾಯಿ ಚುರುಕು.

ಇವತ್ತಿನ ಮನೆ ಬಟ್ಟೆ ಹೊಲಿಯುವ ಹೆಂಗಸಿನದು. ತುಕ್ಕು ಹಿಡಿದ ತಗಡಿನ ಕೆಳಗೆ ಎರಡು ಫ್ಯಾನು ತಿರುಗಿದರೂ ಮಧ್ಯಾಹ್ನ ತಲೆ ಸಿಡಿಯುತ್ತಿತ್ತು. ಈ ಬೇಸಗೆಯೂ ಹಾಗೇ ಆದರೆ ಮಿಶನ್ ಮಾರಿಬಿಡುವುದೆಂದು ಆಕೆ ನಿರ್ಧರಿಸಿದ್ದಾಳೆ. ಗಂಡನಿಗೋ, ಎದುರು ಮನೆಯಂಥದೇ ಕಡುನೀಲಿ ಶೀಟು ಬೇಕು. "ಒಂದೇ ದಿನದ ಕೆಲಸ, ನೋಡೋಕೂ ಲಕ್ಷಣ" ಎಂಬುದು ಅವನ ಹಟ.

ಹೆಂಚಕ್ಕ ವಾದಕ್ಕೆ ಇಳಿಯುವವರಲ್ಲ. ಮೊದಲು ತೊಲೆಗಳು ಭಾರ ತಾಳುತ್ತವೆಯೇ ಎಂದು ನೋಡಿಕೊಂಡರು. ಕಳೆದ ವಾರ ಕೋಣೆಯ ಅರ್ಧಕ್ಕೆ ಅವನು ಮೆಚ್ಚಿದ ಶೀಟು, ಇನ್ನರ್ಧಕ್ಕೆ ಹೆಂಚು ಹೊದಿಸಿದರು. ಹೆಂಚಿನ ಕೆಳಗೆ ತೆಳು ಹಲಗೆ, ನಡುವೆ ಗಾಳಿಯಾಡಲು ಗೇಣು ಜಾಗ, ಹಗಲು ದೀಪ ಬೇಡವೆಂದು ಒಂದು ಗಾಜಿನ ಹೆಂಚು. ವಾರ ಕಳೆದು ಇವತ್ತು ತೀರ್ಮಾನ. ಹೆಂಚು ಬೇಡವೆಂದರೆ ಹೆಂಚಕ್ಕನೇ ಬಿಚ್ಚಿಕೊಂಡು ಹೋಗಬೇಕು. ಎಲ್ಲ ಮನೆಯಲ್ಲೂ ಅವರ ಕ್ರಮ ಇದೇ.

"ನಾನು ಹೇಳಿದ್ರೆ ವ್ಯಾಪಾರ ಅನ್ಕೋತಾರೆ. ಅವರ ಮೈಯೇ ಹೇಳ್ಲಿ ಬಿಡಿ," ಎನ್ನುತ್ತಾರೆ.

ಊಟವಾದ ಮೇಲೆ ಯಜಮಾನ ಬಿಗುಮಾನದಿಂದ ಶೀಟಿನ ಕೆಳಗೇ ಚಾಪೆ ಹಾಸುತ್ತಾನೆ. ಮಗ್ಗುಲು ಬದಲಿಸುತ್ತಾನೆ. ಪಂಚೆಯ ತುದಿಯಿಂದ ಕತ್ತು ಒರೆಸಿಕೊಳ್ಳುತ್ತಾನೆ. ಯಾರೂ ನೋಡುತ್ತಿಲ್ಲವೆಂದುಕೊಂಡು ಮೆಲ್ಲಗೆ ಚಾಪೆ ಎಳೆದುಕೊಂಡು ಹೆಂಚಿನ ಕಡೆಗೆ ಸರಿಯುತ್ತಾನೆ. ಬಾಗಿಲ ಮರೆಯಲ್ಲಿ ಹೆಂಚಕ್ಕನ ನಾದಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಅವನಿಗೆ ಗಾಢ ನಿದ್ದೆ.

ಹೆಂಡತಿ ಒಂದು ಗಳಿಗೆ ಅವನನ್ನೇ ನೋಡಿ, "ಅಕ್ಕಾ, ಒಂದು ಕೈ ಹಾಕಿ. ಮಿಶನ್ ಈ ಕಡೆ ಜರುಗಿಸೋಣ" ಎನ್ನುತ್ತಾಳೆ.

"ಮಾರೋದಿಲ್ವೇನಮ್ಮಾ?"

"ಮಾರಿದ್ರೆ ಇವರ ಅಂಗಿ ಹೊಲಿಯೋರು ಯಾರು?" ಎನ್ನುವಾಗ ಅವಳ ಕಣ್ಣು ತುಂಬಿರುತ್ತದೆ.

ಇಬ್ಬರೂ ಸೇರಿ ಮಿಶನ್ನನ್ನು ಹೆಂಚಿನ ಕೆಳಗೆ ಜರುಗಿಸುತ್ತಾರೆ. ಹೆಂಚಕ್ಕ ಹೊರಗೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸುತ್ತಾರೆ. ಇನ್ನರ್ಧ ಮಾಡು ಬಾಕಿಯಿದೆ. ಶೀಟು ಬಿಚ್ಚಲು ಏಣಿ ಹತ್ತಹೊರಟ ನಾದಿನಿಯ ಕೈ ಹಿಡಿದು ನಿಲ್ಲಿಸುತ್ತಾರೆ.

"ತಡಿಯೇ, ಅವರು ಏಳ್ಲಿ. ನಾನು ಹೊದಿಸಿದ ಮಾಡಿನ ಕೆಳಗೆ ಹಗಲು ಹೊತ್ತಲ್ಲಿ ಗೊರಕೆ ಕೇಳೋದೇ ನನಗೆ ಸನ್ಮಾನ. ಸ್ವಲ್ಪ ಹೊತ್ತು ಕೇಳಿಸ್ಕೋತೀನಿ."